ಕಳೆದುಹೋದದ್ದೂ ಕಳುವಾದದ್ದೂ

ಮಳೆಗಾಲ ಹಿಡಿಯುವ ಹೊತ್ತಿಗೆ ಮಲೆನಾಡಿನ ಮನೆಗಳಿಂದ ಮಕ್ಕಳು ಬೆಂಗಳೂರಿಗೆ ಹೊರಡುವ ಕಾಲವೂ ಬರುತ್ತದೆ. ಫಲಿತಾಂಶ ಬಂದು, ಸೀಟು ಸಿಕ್ಕಿ, ಸಾಲದ ಅರ್ಜಿಗೆ ಬ್ಯಾಂಕು ಒಪ್ಪಿಗೆ ಕೊಟ್ಟ ಮೇಲೆ ಗಂಟುಮೂಟೆ ಸಿದ್ಧವಾಗುತ್ತದೆ. ಹೀಗೆ ಹೊರಟವರಲ್ಲಿ ಬಹಳ ಮಂದಿ ಸೇರುವುದು ನಗರದ ಉತ್ತರ ಭಾಗವನ್ನು. ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಯಲಹಂಕದ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳು ಅಲ್ಲಿವೆ. ಓದು ಮುಂದುವರಿಸಲಾಗದವರಿಗೆ ಯಶವಂತಪುರದ ಅಂಗಡಿ, ಗೋದಾಮು, ಕಾರ್ಖಾನೆಗಳಿವೆ. ಎಲ್ಲರಿಗೂ ತಂಗಲು ಆರ್. ಟಿ. ನಗರದ ಪಿ.ಜಿ.ಗಳಿವೆ. ಮಿಡಿ ಉಪ್ಪಿನಕಾಯಿಯ ಭರಣಿಯ ಜೊತೆಗೆ ಮನೆಯ ಹಿರಿಯರು ಒಂದು ಬುದ್ಧಿಮಾತನ್ನೂ ಕಟ್ಟಿಕೊಡುತ್ತಾರೆ: ಏನೇ ಆಗಲಿ, ಪೊಲೀಸ್ ಠಾಣೆಯ ಮೆಟ್ಟಿಲು ಮಾತ್ರ ಹತ್ತಬೇಡ.

ಈ ಮಾತಿನ ಹಿಂದಿರುವ ಭಯ ನಿರಾಧಾರವಾದದ್ದಲ್ಲ. ನಮ್ಮ ಕಡೆಯ ರೈತನಿಗೆ ಸರ್ಕಾರದ ಖಾಕಿ ಕಾಣಿಸಿಕೊಳ್ಳುವುದು ಒತ್ತುವರಿಯ ನೋಟೀಸಿನೊಂದಿಗೋ ಕಾಡಿನ ಮೊಕದ್ದಮೆಯೊಂದಿಗೋ ಆಗಿರುತ್ತದೆ. ಅದರಾಚೆ ಠಾಣೆಗೂ ನಮಗೂ ಇರುವ ಸಂಬಂಧ ಬೆಳೆ ರಕ್ಷಣೆಯ ಕೋವಿಯದು. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಎಷ್ಟೇ ಅಂಜುಬುರುಕನಾದರೂ ಕೋವಿ ಒಪ್ಪಿಸಿದ ಯಾವ ರೈತನೂ ರಸೀದಿ ಪಡೆಯದೆ ಠಾಣೆಯಿಂದ ಹೊರಬರುವುದಿಲ್ಲ. ಕಾಗದದ ಬೆಲೆ ಏನೆಂಬುದು ಅವನಿಗೆ ಗೊತ್ತು. ಅದೇ ರೈತನ ಮಗ ಬೆಂಗಳೂರಿನಲ್ಲಿ ತನ್ನ ಸ್ವತ್ತು ಕಳೆದುಕೊಂಡಾಗ ಬರಿಗೈಯಲ್ಲಿ, ಅಥವಾ ಅದಕ್ಕಿಂತ ಕೆಟ್ಟದಾಗಿ, ತಪ್ಪು ಕಾಗದವನ್ನು ಹಿಡಿದುಕೊಂಡು ಹಿಂತಿರುಗುತ್ತಾನೆ.

ತಪ್ಪು ಕಾಗದವೆಂದರೇನು? ನಮ್ಮ ತಾಲ್ಲೂಕಿನ ವಿದ್ಯಾರ್ಥಿಯೊಬ್ಬ ಸಂಜೆ ಬಳ್ಳಾರಿ ರಸ್ತೆಯ ಬಸ್ ನಿಲ್ದಾಣವೊಂದರಲ್ಲಿ ನಿಂತು ಮನೆಗೆ ಮಾತಾಡುತ್ತಿದ್ದ. ಬೈಕಿನಲ್ಲಿ ಬಂದ ಇಬ್ಬರು ಕಿವಿಯ ಬಳಿಯಿದ್ದ ಮೊಬೈಲನ್ನು ಕಿತ್ತುಕೊಂಡು ಹೋದರು. ಆತ ಧೈರ್ಯ ಮಾಡಿ ಠಾಣೆಗೆ ಹೋದ. ಯಾವ ಠಾಣೆ ಎಂಬುದು ಇಲ್ಲಿ ಮುಖ್ಯವಲ್ಲ. ಹಲವೆಡೆ ನಡೆಯುವ ಕ್ರಮವೇ ಇದು. ಅಲ್ಲಿದ್ದವರು ಒರಟಾಗಿಯೇನೂ ನಡೆದುಕೊಳ್ಳಲಿಲ್ಲ. ಕುಳ್ಳಿರಿಸಿ, ನೀರು ಕೊಟ್ಟು, "ಆ್ಯಪ್‌ನಲ್ಲಿ ಇ-ಲಾಸ್ಟ್ ವರದಿ ಹಾಕಿಬಿಡಪ್ಪಾ, ಹೊಸ ಸಿಮ್ ತೆಗೆಯಲು ಅದು ಸಾಕು" ಎಂದರು. ಸ್ನೇಹಿತನ ಮೊಬೈಲಿನಿಂದ ಆತ ಹಾಗೆಯೇ ಮಾಡಿದ. ಕೂಡಲೇ ಒಂದು ಸ್ವೀಕೃತಿ ಬಂತು. ಕೆಲಸವಾಯಿತೆಂದು ಹುಡುಗ ಸಮಾಧಾನಪಟ್ಟ.

ಆಗಿದ್ದೇನೆಂದರೆ, ಕಿತ್ತುಕೊಂಡು ಹೋದ ವಸ್ತು ಸರ್ಕಾರದ ದಾಖಲೆಯಲ್ಲಿ "ಕಳೆದುಹೋಯಿತು" ಎಂದಾಯಿತು. ಕನ್ನಡದಲ್ಲಿ ಕಳೆದುಹೋಗುವುದಕ್ಕೂ ಕಳುವಾಗುವುದಕ್ಕೂ ಉಚ್ಚಾರದಲ್ಲಿ ಅಂತರ ಅಲ್ಪ, ಕಾನೂನಿನಲ್ಲಿ ಅಗಾಧ. ಕಳೆದುಹೋದದ್ದಕ್ಕೆ ಕರ್ತೃವಿಲ್ಲ. ಕಳುವಾದದ್ದಕ್ಕೆ ಕಳ್ಳನಿದ್ದಾನೆ, ಆದ್ದರಿಂದ ಅಪರಾಧವಿದೆ, ಆದ್ದರಿಂದ ತನಿಖೆಯಿದೆ. ಇ-ಲಾಸ್ಟ್ ವರದಿಯಿರುವುದು ನಿಜಕ್ಕೂ ಎಲ್ಲೋ ಬಿದ್ದುಹೋದ ಅಂಕಪಟ್ಟಿ, ಗುರುತಿನ ಚೀಟಿ, ಕೀಲಿಕೈಗಳಿಗಾಗಿ. ಆ ಮಟ್ಟಿಗೆ ಅದು ಬಹು ಉಪಯುಕ್ತವಾದ ವ್ಯವಸ್ಥೆ. ಒಂದು ಅಂಕಪಟ್ಟಿಯ ನಕಲಿಗಾಗಿ ಹಿಂದೆ ಎಷ್ಟು ಅಲೆಯಬೇಕಿತ್ತೆಂಬುದನ್ನು ಬಲ್ಲವರು ಬಲ್ಲರು. ಆದರೆ ಆ ವರದಿಯ ಮೇಲೆ ಯಾರೂ ತನಿಖೆ ನಡೆಸುವುದಿಲ್ಲ, ನಡೆಸಬೇಕಾಗಿಯೂ ಇಲ್ಲ.

ಠಾಣೆಗಳು ಹೀಗೇಕೆ ಮಾಡುತ್ತವೆ? ದುರುದ್ದೇಶವೇ ಕಾರಣವೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ದಾಖಲಾದ ಪ್ರತಿಯೊಂದು ಪ್ರಕರಣಕ್ಕೂ ಮೇಲಧಿಕಾರಿಗಳಿಗೆ ಲೆಕ್ಕ ಕೊಡಬೇಕು, ಪತ್ತೆಯಾಗದೆ ಉಳಿದ ಪ್ರಕರಣ ಠಾಣಾಧಿಕಾರಿಯ ಹೆಸರಿಗೆ ಕಪ್ಪು ಚುಕ್ಕೆ. ಬಂದೋಬಸ್ತು, ವಿಮಾನ ನಿಲ್ದಾಣದ ರಸ್ತೆಯಲ್ಲಿ ಗಣ್ಯರ ಓಡಾಟ, ನ್ಯಾಯಾಲಯದ ಸಮನ್ಸು, ಇವೆಲ್ಲದರ ನಡುವೆ ನಿದ್ದೆಗೆಟ್ಟ ಸಿಬ್ಬಂದಿ ಒಂದು ಮೊಬೈಲಿನ ಹಿಂದೆ ಹೋಗಲು ಹಿಂಜರಿಯುವುದು ಅರ್ಥವಾಗುವಂಥದ್ದೇ. ಆದರೆ ಅರ್ಥವಾಗುತ್ತದೆಂದ ಮಾತ್ರಕ್ಕೆ ಒಪ್ಪಬೇಕಾಗಿಲ್ಲ. ಒಂದೇ ನಿಲ್ದಾಣದಲ್ಲಿ ಹತ್ತು ಮೊಬೈಲುಗಳನ್ನು ಕಿತ್ತುಕೊಂಡು ಹೋದರೂ ಹತ್ತೂ "ಕಳೆದುಹೋಯಿತು" ಎಂದಾದರೆ, ಆ ನಿಲ್ದಾಣಕ್ಕೆ ದೀಪವಾಗಲಿ, ಗಸ್ತಾಗಲಿ ಬೇಕೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಮಣ್ಣಿನ ಮಾದರಿಯನ್ನೇ ಕಳುಹಿಸದ ಹೊಲಕ್ಕೆ ಪ್ರಯೋಗಾಲಯ ಯಾವ ಶಿಫಾರಸು ಮಾಡೀತು?

ಹುಡುಗನ ಪಾಲಿಗೂ ಅಪಾಯವಿದೆ. ಆ ಮೊಬೈಲಿನಿಂದ ನಾಳೆ ಯಾರಿಗೋ ವಂಚನೆಯಾದರೆ, ಇಂಥ ದಿನ ಇಂಥ ಹೊತ್ತಿಗೆ ಅದು ತನ್ನ ಕೈಯಿಂದ ಬಲವಂತವಾಗಿ ಹೋಯಿತೆಂದು ತೋರಿಸಲು ಅವನಿಗಿರುವ ಗಟ್ಟಿ ಆಧಾರ ಎಫ್.ಐ.ಆರ್., ಅಂದರೆ ಪ್ರಥಮ ವರ್ತಮಾನ ವರದಿ.

ಈಗ ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಯಲ್ಲಿವೆ. ನ್ಯಾಯ ಸಂಹಿತೆಯ 303ನೆಯ ಕಲಮು ಕಳ್ಳತನದ್ದು. 304ನೆಯ ಕಲಮು ಹೊಸದು. ಸರ, ಮೊಬೈಲುಗಳನ್ನು ಹಠಾತ್ತನೆ ಕಸಿದುಕೊಂಡು ಹೋಗುವುದನ್ನು ಅದು ಪ್ರತ್ಯೇಕ ಅಪರಾಧವೆಂದು ಹೆಸರಿಸಿ, ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದೆ. ಇದು ಸಂಜ್ಞೇಯ ಅಪರಾಧ, ಎಂದರೆ ನ್ಯಾಯಾಧೀಶರ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ನಡೆಸಬಹುದಾದದ್ದು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಹೊಸ ಸಂಹಿತೆಯಲ್ಲಿ ಒಂದು ಸಡಿಲಿಕೆ ಬಂದಿದೆ: ಮೂರರಿಂದ ಏಳು ವರ್ಷಗಳೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದು. ಆದರೆ ಅದಕ್ಕೆ ಡಿವೈ.ಎಸ್.ಪಿ. ದರ್ಜೆಯ ಅಧಿಕಾರಿಯ ಅನುಮತಿ ಬೇಕು, ಹದಿನಾಲ್ಕು ದಿನಗಳಲ್ಲಿ ಮುಗಿಸಬೇಕು. "ವಿಚಾರಣೆ ಮಾಡುತ್ತೇವೆ, ಹೋಗಿ ಬಾ" ಎಂದರೆ, ಅನುಮತಿ ಕೊಟ್ಟ ಅಧಿಕಾರಿ ಯಾರು, ದಿನಾಂಕ ಯಾವುದು ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ವಿಚಾರವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನವನ್ನು ಹೊಸ ಸಂಹಿತೆಯ ಅನುಸೂಚಿಯು ಅಸಂಜ್ಞೇಯವೆಂದು ವರ್ಗೀಕರಿಸಿದೆ. ಹಳೆಯ ಮೊಬೈಲಿಗೆ ಎಷ್ಟು ಬೆಲೆಯೆಂಬ ಚರ್ಚೆ ಠಾಣೆಯಲ್ಲಿ ಎದ್ದರೆ ಮಾತಿಗಿಂತ ರಸೀದಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೊಬೈಲು, ಲ್ಯಾಪ್‌ಟಾಪು ಕೊಂಡ ರಸೀದಿಯ ಪ್ರತಿಯೊಂದನ್ನು ಊರಿನ ಮನೆಯಲ್ಲಿ ಇಟ್ಟಿರಿ. ಮೊಬೈಲಿನ ಕೀಲಿಮಣೆಯಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಹದಿನೈದು ಅಂಕಿಗಳ ಐ.ಎಂ.ಇ.ಐ. ಸಂಖ್ಯೆ ಕಾಣುತ್ತದೆ, ಅದನ್ನೂ ಬರೆದಿಡಿ. ಠಾಣೆಯ ದೂರಿನ ಪ್ರತಿಯಿದ್ದರೆ, ಕೇಂದ್ರ ದೂರಸಂಪರ್ಕ ಇಲಾಖೆಯ ಸಿ.ಇ.ಐ.ಆರ್. ವ್ಯವಸ್ಥೆಯಲ್ಲಿ ಆ ಸಂಖ್ಯೆಯನ್ನು ಕೊಟ್ಟು, ಯಾವ ಕಂಪನಿಯ ಸಿಮ್ ಹಾಕಿದರೂ ಆ ಮೊಬೈಲು ನಡೆಯದಂತೆ ತಡೆಯಬಹುದು.

"ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಮಾತನ್ನು ಉತ್ತರ ಬೆಂಗಳೂರಿನಲ್ಲಿ ಬಹಳ ಕೇಳಬೇಕಾಗುತ್ತದೆ. ಅದಕ್ಕೆ ಕಾರಣವೂ ಇದೆ. ಹೆಬ್ಬಾಳ, ಸಂಜಯನಗರ, ಕೊಡಿಗೇಹಳ್ಳಿ, ಅಮೃತಹಳ್ಳಿ, ಯಲಹಂಕ, ಯಲಹಂಕ ಉಪನಗರ, ವಿದ್ಯಾರಣ್ಯಪುರ, ಹೀಗೆ ಠಾಣೆಗಳು ಒಂದರ ಮಗ್ಗುಲಿಗೊಂದು ಇವೆ. ತಾಲ್ಲೂಕಿಗೊಂದೆರಡು ಠಾಣೆಗಳನ್ನು ಕಂಡ ನಮಗೆ ಇದು ಗೊಂದಲ. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅವರು ಅದನ್ನು ಶೂನ್ಯ ಸಂಖ್ಯೆಯಲ್ಲಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು, ಜನ ಇದನ್ನು "ಝೀರೋ ಎಫ್.ಐ.ಆರ್." ಎನ್ನುತ್ತಾರೆ. ಅದೇ ಕಲಮು ಇನ್ನೂ ಹೇಳುತ್ತದೆ: ಬಾಯಿಮಾತಿನಲ್ಲಿ ಹೇಳಿದರೆ ಅವರೇ ಬರೆದುಕೊಂಡು ಓದಿ ಹೇಳಬೇಕು, ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಠಾಣೆಗಳಲ್ಲಿ ಬಗೆಗಳಿವೆ ಎಂಬುದೂ ಹೊಸಬರಿಗೆ ತಿಳಿದಿರುವುದಿಲ್ಲ. ಬೆಂಗಳೂರಿನಲ್ಲಿ ರಸ್ತೆ ಅಪಘಾತದ ಪ್ರಕರಣಗಳು ದಾಖಲಾಗುವುದು ಸಂಚಾರ ಠಾಣೆಗಳಲ್ಲಿ. ಸೈಬರ್ ವಂಚನೆಗೆ ಸಿ.ಇ.ಎನ್. ಠಾಣೆಗಳಿವೆ. ರೈಲಿನಲ್ಲಿಯೋ ಯಶವಂತಪುರ ನಿಲ್ದಾಣದ ಪ್ಲಾಟ್‌ಫಾರಂನಲ್ಲಿಯೋ ಚೀಲ ಕಳುವಾದರೆ ಅದು ರಾಜ್ಯದ ರೈಲ್ವೆ ಪೊಲೀಸರ ಕೆಲಸ. ಅಲ್ಲೇ ಕಾಣುವ ಕೇಂದ್ರದ ರೈಲ್ವೆ ರಕ್ಷಣಾ ದಳ ಬೇರೆ. ಓಡುವ ರೈಲಿನಲ್ಲಿದ್ದರೆ 139ಕ್ಕೆ ಕರೆ ಮಾಡಿ.

ದೂರು ತೆಗೆದುಕೊಳ್ಳಲು ಒಪ್ಪದಿದ್ದರೆ? ಕೂಗಾಡಬೇಡಿ, ಅಲ್ಲಿಯೇ ವಿಡಿಯೋ ಮಾಡಲು ಹೊರಡಬೇಡಿ. ಎರಡು ಪ್ರತಿಗಳಲ್ಲಿ ಬರೆದ ದೂರನ್ನು ಕೊಟ್ಟು ಒಂದರ ಮೇಲೆ ಮೊಹರು, ದಿನಾಂಕ, ಸಹಿ ಕೇಳಿ. ನಿರಾಕರಿಸುವುದಾದರೆ ಲಿಖಿತ ಹಿಂಬರಹ ಕೇಳಿ. ಹಿಂಬರಹವೆಂಬ ಮಾತು ತಾಲ್ಲೂಕು ಕಚೇರಿಗೆ ಅಲೆದ ನಮಗೆಲ್ಲ ಪರಿಚಿತವೇ. ಅದು ಠಾಣೆಯಲ್ಲಿಯೂ ನಡೆಯುತ್ತದೆ. ಅದೂ ಸಿಗದಿದ್ದರೆ ಹೋದ ಸಮಯ, ಮಾತಾಡಿದವರ ಎದೆಯ ಮೇಲಿನ ಹೆಸರುಪಟ್ಟಿ ಗುರುತು ಮಾಡಿಕೊಂಡು ಬನ್ನಿ, ಠಾಣೆಗಳೊಳಗೆ ಸಿ.ಸಿ. ಟಿ.ವಿ. ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿಯೇ ಆದೇಶಿಸಿದೆ, ಆ ಸಮಯ ಮುಂದೆ ಪ್ರಯೋಜನಕ್ಕೆ ಬರುತ್ತದೆ. ಬಳಿಕ ಅದೇ ದೂರನ್ನು ಆ ವಿಭಾಗದ ಉಪ ಪೊಲೀಸ್ ಆಯುಕ್ತರಿಗೆ ಅಂಚೆಯಲ್ಲಿ ಕಳುಹಿಸಿ. ಅದಕ್ಕೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಸಲ್ಲಿಸುವ ದಾರಿಯನ್ನು 173(4) ತೋರಿಸಿದೆ. ವಕೀಲರಿಗೆ ಹಣವಿಲ್ಲವೆನ್ನುವವರು 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತದೆ. ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವುಂಟು.

ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ಅವರೇ ಮರೆತಿರುತ್ತಾರೆ. ಇಲ್ಲಿನ ಠಾಣೆಗಳ ಬರವಣಿಗೆ ಕನ್ನಡದಲ್ಲಿರುತ್ತದೆ. ಯಲಹಂಕದ ಪಿ.ಜಿ.ಯಲ್ಲಿ ಪಕ್ಕದ ಮಂಚದಲ್ಲಿ ಮಲಗುವ ಬಿಹಾರದ, ಅಸ್ಸಾಮಿನ ಹುಡುಗ ತನ್ನ ದೂರಿನಲ್ಲಿ ಏನಿದೆಯೆಂದು ತಿಳಿಯದೆಯೇ ಸಹಿ ಹಾಕಬೇಕಾಗುತ್ತದೆ. ನೀವು ಓದಬಲ್ಲಿರಿ. ಆದ್ದರಿಂದ ಓದಿಯೇ ಸಹಿ ಹಾಕಿ. "ಕಿತ್ತುಕೊಂಡು ಹೋದರು" ಎಂದು ನೀವು ಹೇಳಿದ್ದು "ಬಿದ್ದುಹೋಗಿದೆ" ಎಂದಾಗಿದ್ದರೆ ತಿದ್ದಿಸಿ. ಸಾಧ್ಯವಾದರೆ ಆ ಪಕ್ಕದ ಮಂಚದವನ ಜೊತೆಯಲ್ಲಿಯೂ ಒಮ್ಮೆ ಠಾಣೆಗೆ ಹೋಗಿಬನ್ನಿ.

ಹೆಣ್ಣುಮಕ್ಕಳ ವಿಷಯದಲ್ಲಿ ಠಾಣೆಯ ಭಯಕ್ಕೆ ಮನೆಯ ಮರ್ಯಾದೆಯ ಭಯವೂ ಸೇರಿಕೊಳ್ಳುತ್ತದೆ. ಕಾಲೇಜಿನಿಂದ ಪಿ.ಜಿ.ಯವರೆಗೆ ಒಬ್ಬ ದಿನವೂ ಹಿಂಬಾಲಿಸುತ್ತಿದ್ದರೆ ಅದನ್ನು ಮನೆಗೆ ತಿಳಿಸಲು ಅನೇಕರು ಹೆದರುವುದು, "ಓದು ಸಾಕು, ಬಾ" ಎಂಬ ಉತ್ತರ ಬಂದೀತೆಂದು. ಹೆತ್ತವರು ಇದನ್ನು ಯೋಚಿಸಬೇಕು. ಹಿಂಬಾಲಿಸುವುದು ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಸಂಜ್ಞೇಯ ಅಪರಾಧ. ಗುರುತರವಾದ ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತೆಯ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅಂಥ ಮಾಹಿತಿಯನ್ನು ದಾಖಲಿಸಲು ನಿರಾಕರಿಸುವ ಸರ್ಕಾರಿ ನೌಕರನಿಗೇ 199ನೆಯ ಕಲಮು ಆರು ತಿಂಗಳಿಗೆ ಕಡಿಮೆಯಿಲ್ಲದ ಶಿಕ್ಷೆಯನ್ನು ಹೇಳಿದೆ. ಸಾಕ್ಷಿಯಾಗಿ ಹೇಳಿಕೆ ಪಡೆಯಲು ಮಹಿಳೆಯನ್ನು ಠಾಣೆಗೆ ಕರೆಸಲು ಬರುವುದಿಲ್ಲ. ಆಕೆ ವಾಸಿಸುವಲ್ಲಿಗೇ ಅವರು ಬರಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯ ಬಂಧನ, ತೀರಾ ಅಸಾಧಾರಣ ಸಂದರ್ಭದಲ್ಲಿ, ಮಹಿಳಾ ಅಧಿಕಾರಿಯಿಂದ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯೊಂದಿಗೆ ಮಾತ್ರ.

2024ರ ಜುಲೈಯಲ್ಲಿ ಕೋರಮಂಗಲದ ಪಿ.ಜಿ.ಯೊಂದರೊಳಗೇ ಯುವತಿಯೊಬ್ಬಳ ಕೊಲೆಯಾದ ಬಳಿಕ ನಗರದ ಪಿ.ಜಿ.ಗಳ ಸುರಕ್ಷತೆ ಚರ್ಚೆಗೆ ಬಂತು. ಕೋಣೆ ನೋಡಲು ಹೋದ ತಂದೆತಾಯಂದಿರು ಊಟದ ರುಚಿಯಷ್ಟೇ ಆಸ್ಥೆಯಿಂದ ಕೇಳಬೇಕಾದ ಪ್ರಶ್ನೆಗಳಿವೆ: ರಾತ್ರಿ ಬಾಗಿಲಲ್ಲಿ ಯಾರಿರುತ್ತಾರೆ? ಹೊರಗಿನವರ ಹೆಸರು ಬರೆದುಕೊಳ್ಳುತ್ತಾರೆಯೇ? ಕ್ಯಾಮೆರಾದ ದೃಶ್ಯ ಎಷ್ಟು ದಿನ ಉಳಿಯುತ್ತದೆ? ಕೊನೆಯದು ಬಹು ಮುಖ್ಯ. ಹಳೆಯ ದೃಶ್ಯದ ಮೇಲೆ ಹೊಸದು ಅಚ್ಚಾಗಿಬಿಡುತ್ತದೆ. ಘಟನೆ ನಡೆದ ದಿನವೇ ದೂರಿನಲ್ಲಿ "ಇಂಥ ಅಂಗಡಿಯ, ಇಂಥ ಮನೆಯ ಕ್ಯಾಮೆರಾದಲ್ಲಿ ದೃಶ್ಯವಿರಬಹುದು, ಉಳಿಸಿಕೊಳ್ಳಿ" ಎಂದು ಬರೆದರೆ ಅರ್ಧ ತನಿಖೆ ಆದಂತೆ.

ಮಕ್ಕಳು ಆರೋಪಿಗಳಾಗಿಯೂ ಠಾಣೆ ಕಾಣಬಹುದು, ಅದು ಬಾರದಿರಲಿ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲವೆಂದಾದರೆ 35ನೆಯ ಕಲಮಿನಂತೆ ಹಾಜರಾಗಲು ನೋಟೀಸು ಕೊಡಬೇಕು. ನೋಟೀಸು ಬಂದರೆ ತಪ್ಪಿಸಿಕೊಂಡು ಊರಿಗೆ ಬರುವುದು ಅವಿವೇಕ. ಬಂಧಿಸಿದರೆ ಕಾರಣ ಹೇಳಬೇಕು, ಬಂಧನದ ಟಿಪ್ಪಣಿಗೆ ಸಾಕ್ಷಿಯ ಸಹಿ ಬೇಕು, ನೀವು ಹೆಸರಿಸಿದವರಿಗೆ ಸುದ್ದಿ ಮುಟ್ಟಿಸಬೇಕು, ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇವುಗಳಲ್ಲಿ ಬಹುಪಾಲು 1996ರ ಡಿ. ಕೆ. ಬಸು ತೀರ್ಪಿನಿಂದ ಬಂದು ಈಗ ಸಂಹಿತೆಯಲ್ಲಿಯೇ ಸೇರಿವೆ. ಶೋಧನೆ, ಜಪ್ತಿಗಳನ್ನು ದೃಶ್ಯಮುದ್ರಿಸಬೇಕೆಂಬ 105ನೆಯ ಕಲಮು ಹೊಸದು. ಮೊಬೈಲನ್ನು ವಶಪಡಿಸಿಕೊಂಡರೆ ಪಟ್ಟಿ ಮಾಡಿದ ಕಾಗದವನ್ನು ಕೇಳಿ.

ರಾತ್ರಿ ಬಸ್ಸುಗಳ ಬಗ್ಗೆ ಒಂದು ಮಾತು. ತುಮಕೂರು ರಸ್ತೆಯಿಂದ ಬರುವ ನಮ್ಮೂರ ಬಸ್ಸುಗಳು ಬೆಳಗಿನ ಜಾವ ನಾಲ್ಕಕ್ಕೋ ಐದಕ್ಕೋ ಗೊರಗುಂಟೆಪಾಳ್ಯ, ಯಶವಂತಪುರಗಳಲ್ಲಿ ಮಕ್ಕಳನ್ನು ಇಳಿಸಿ ಹೋಗುತ್ತವೆ. ಕತ್ತಲಲ್ಲಿ ಮೇಲ್ಸೇತುವೆಯ ಕೆಳಗೆ ನಿಂತು ಮೊಬೈಲಿನ ಬೆಳಕಿನಲ್ಲಿ ದಾರಿ ಹುಡುಕುವ ಬದಲು, ಬೆಳಗಾಗುವವರೆಗೆ ರೈಲು ನಿಲ್ದಾಣದಲ್ಲಿ ಕೂರುವುದು ಲೇಸು. ಅಪಾಯ ಕಂಡರೆ 112. ಕರೆ ಹೋದೊಡನೆ ಹತ್ತಿರದ ಹೊಯ್ಸಳ ಗಸ್ತುವಾಹನಕ್ಕೆ ಸುದ್ದಿ ಮುಟ್ಟುತ್ತದೆ. ಎದುರಿನ ಅಂಗಡಿಯ ಫಲಕವನ್ನೋ ಮೆಟ್ರೋ ಕಂಬದ ಸಂಖ್ಯೆಯನ್ನೋ ಹೇಳಿದರೆ ಅವರು ಬೇಗ ತಲಪುತ್ತಾರೆ.

ಅದೇ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ, 2016ರ ಫೆಬ್ರವರಿಯಲ್ಲಿ ಮತ ಹಾಕಿ ಬೆಂಗಳೂರಿಗೆ ಮರಳುತ್ತಿದ್ದ ಯುವಕನೊಬ್ಬ ಲಾರಿಯಡಿ ಸಿಕ್ಕಿದ. ದೇಹ ತುಂಡಾಗಿ ಬಿದ್ದಿದ್ದರೂ ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಹೇಳಿ ಅವನು ತೀರಿಕೊಂಡ. ರಾಜ್ಯ ಸರ್ಕಾರ ಅವನ ಹೆಸರಿನಲ್ಲಿ ಅದೇ ವರ್ಷ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಗಾಯಾಳುವಿನ ಮೊದಲ 48 ಗಂಟೆಗಳ ಚಿಕಿತ್ಸೆಗೆ 25 ಸಾವಿರ ರೂಪಾಯಿಗಳವರೆಗೆ ಭರಿಸುವುದಾಗಿ ಪ್ರಕಟಿಸಿತು. ಗಾಯಾಳುವನ್ನು ಮುಟ್ಟಿದರೆ ಸಾಕ್ಷಿಯಾಗಿ ಅಲೆಯಬೇಕೆಂಬ ಭಯ ಇಂದಿಗೂ ಹೋಗಿಲ್ಲ. ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕೆಂಬ ಕಡ್ಡಾಯವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ.

ಕೊನೆಯದಾಗಿ, ಊರಿನಲ್ಲಿಯೇ ಉಳಿದ ಹಿರಿಯರಿಗೆ. ಪೊಲೀಸರೆಂದರೆ ನಮಗಿರುವ ಭಯವನ್ನೇ ಬಂಡವಾಳ ಮಾಡಿಕೊಂಡ ವಂಚಕರು ಹುಟ್ಟಿಕೊಂಡಿದ್ದಾರೆ. "ಯಶವಂತಪುರ ಠಾಣೆಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಮಗ ಮಾದಕ ವಸ್ತುವಿನೊಂದಿಗೆ ಸಿಕ್ಕಿದ್ದಾನೆ, ಕೇಸಾಗಬಾರದೆಂದರೆ ಈಗಲೇ ಹಣ ಹಾಕಿ" ಎನ್ನುತ್ತಾರೆ; ಹಿನ್ನೆಲೆಯಲ್ಲಿ ಅಳುವ ದನಿಯನ್ನೂ ಕೇಳಿಸುತ್ತಾರೆ. ಇನ್ನು ಕೆಲವರು ವಿಡಿಯೋದಲ್ಲಿ ಸಮವಸ್ತ್ರ ತೊಟ್ಟು ಕುಳಿತು, "ನಿಮ್ಮನ್ನೇ ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆ ಬಿಟ್ಟು ಏಳಬೇಡಿ" ಎನ್ನುತ್ತಾರೆ. ಅಂಥದೊಂದು ಬಂಧನ ಈ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ, ಮೊಬೈಲಿನ ಮೂಲಕ ಹಣ ಹಾಕಿಸಿಕೊಂಡು ಬಿಡುವ ಠಾಣೆಯೂ ಇಲ್ಲ. ಕರೆಯನ್ನು ಕತ್ತರಿಸಿ ಮಗನಿಗೆ ಕರೆ ಮಾಡಿ. ಹಣ ಹೋಗಿಯೇಬಿಟ್ಟಿದ್ದರೆ ನಾಳೆಯವರೆಗೆ ಕಾಯದೆ 1930ಕ್ಕೆ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ಹರಿಯುವ ಮುನ್ನ ತಡೆಯುವ ಸಾಧ್ಯತೆಯಿರುತ್ತದೆ.

ಮಗನ ಮೊಬೈಲು ಆ ಕ್ಷಣದಲ್ಲಿ ವ್ಯಾಪ್ತಿಯ ಹೊರಗಿರಬಹುದು, ನಮ್ಮ ಗುಡ್ಡದಲ್ಲಿ ನೆಟ್‌ವರ್ಕ್ ಬರುವುದೇ ಅಪರೂಪ. ಆದ್ದರಿಂದ ಅಡಕೆ ಮಂಡಿಯ ಸಂಖ್ಯೆ ಬರೆದಿಟ್ಟಿರುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಪಿ.ಜಿ. ಮಾಲೀಕರದು, ಕೋಣೆಯ ಇಬ್ಬರು ಜೊತೆಗಾರರದು, ಕಾಲೇಜಿನ ಕಚೇರಿಯದು, ಆ ಬಡಾವಣೆಯ ಠಾಣೆಯ ಸ್ಥಿರ ದೂರವಾಣಿಯದು, ಇಷ್ಟು ಸಂಖ್ಯೆಗಳನ್ನು ಈ ವಾರವೇ ದಪ್ಪ ಅಕ್ಷರದಲ್ಲಿ ಬರೆದಿಡಿ.